ಅಜ್ಜಿಯ ಬೆನ್ನುಜ್ಜುವುದು ಯಾರ ಖುಷಿಗೆ?

ಪ್ರಶ್ನೆ: ನನಗೆ 34 ವರ್ಷ. ಸಕಲೇಶಪುರ ತಾಲೂಕಿನಲ್ಲಿ ನಮ್ಮದು ಆರು ಎಕರೆ ಕಾಫಿ ತೋಟ. ನಮ್ಮ ಮಾವನವರ ಕಾಲದಿಂದ ಕುಯ್ಲಿಗೆ, ಕಳೆ ಕೆಲಸಕ್ಕೆ ಬರುತ್ತಿದ್ದ ಒಬ್ಬ ಅಜ್ಜಿ ಈಗ ಒಂಟಿ. ಹಿಂದೆ ಮುಂದೆ ಯಾರೂ ಇಲ್ಲ, ಸೊಂಟ ಹೋಗಿದೆ. ಒಂದೂವರೆ ವರ್ಷದಿಂದ ದಿನಾ ಸಂಜೆ ಊಟ ಕೊಟ್ಟು ಬರುತ್ತೇನೆ, ವಾರಕ್ಕೆ ಎರಡು ಸಲ ಸ್ನಾನ ಮಾಡಿಸುತ್ತೇನೆ. ಮೊದಮೊದಲು ವಾಪಸ್ ಬರುವಾಗ ಮನಸ್ಸು ಹಗುರಾಗಿರುತ್ತಿತ್ತು. ಬೆಂಗಳೂರಿನಲ್ಲಿರುವ ಮೈದುನ, "ಅತ್ತಿಗೆ, ನೀವು ಮಾಡ್ತಿರೋದು ನಿಮ್ಮ ಖುಷಿಗೆ. ಪ್ರಪಂಚದಲ್ಲಿ ಯಾರೂ ಇನ್ನೊಬ್ಬರಿಗೋಸ್ಕರ ಏನೂ ಮಾಡಲ್ಲ" ಎಂದರು. ಅತ್ತೆ, "ಪುಣ್ಯದ ಕೆಲಸ, ಮೇಲಿರೋನು ಲೆಕ್ಕ ಇಟ್ಟಿರ್ತಾನೆ" ಅನ್ನುತ್ತಾರೆ. ಈಗ ಮೂರು ತಿಂಗಳಿಂದ ಆ ಖುಷಿಯೂ ಇಲ್ಲ, ಬರೀ ಸುಸ್ತು. ಸ್ನಾನ ಮಾಡಿಸುವಾಗ ಅಜ್ಜಿ ಬೈಯುತ್ತಾರೆ ಬೇರೆ. ಹಾಗಾದರೆ ಮೈದುನ ಹೇಳಿದ್ದೇ ನಿಜವೇ? ಒಳ್ಳೆಯ ಕೆಲಸಕ್ಕೆ ಖುಷಿಗಿಂತ ದೊಡ್ಡ ಉದ್ದೇಶ ಅಂತ ಇರಬೇಕೇ? ಖುಷಿ ಹೋದ ಮೇಲೆ ಬಿಟ್ಟುಬಿಡಬಹುದೇ?
ಓದುಗರೊಬ್ಬರು, ಸಕಲೇಶಪುರ ತಾಲೂಕು

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ. ಬಿಡಬಹುದೇ ಎಂಬುದು ನಿಮಗೆ ಅವಸರದ್ದು, ಆದರೂ ಅದನ್ನು ಕೊನೆಗಿಟ್ಟುಕೊಳ್ಳುತ್ತೇನೆ. ಮೊದಲು ನಿಮ್ಮ ಮೈದುನರ ಮಾತು ಇತ್ಯರ್ಥವಾಗಬೇಕು. ನಿಮ್ಮ ಸುಸ್ತಿಗೆ ಕೆಲಸ ಅರ್ಧ ಕಾರಣವಾದರೆ ಆ ಮಾತು ಇನ್ನರ್ಧ ಎಂದು ನನ್ನ ಗುಮಾನಿ.

ಹಾಸನದಲ್ಲಿ 31 ವರ್ಷ ಪದವಿ ತರಗತಿಗಳಿಗೆ ತತ್ವಶಾಸ್ತ್ರ ಹೇಳಿಕೊಟ್ಟವನು ನಾನು. ಪ್ರತಿ ವರ್ಷವೂ ಹಿಂದಿನ ಬೆಂಚಿನಲ್ಲಿ ನಿಮ್ಮ ಮೈದುನರು ಇರುತ್ತಿದ್ದರು, ಹೆಸರು ಬೇರೆ ಅಷ್ಟೆ. "ಸಾರ್, ತಾಯಿ ಮಗುವಿಗೆ ಹಾಲು ಕುಡಿಸೋದೂ ಸ್ವಾರ್ಥವೇ. ಕುಡಿಸದಿದ್ದರೆ ಆಕೆಗೇ ಸಂಕಟ" ಎಂದು ಎದ್ದು ನಿಲ್ಲುವರು. ತರಗತಿ ನಗುತ್ತಿತ್ತು. ಅವರಿಗೋ ಲೋಕದ ಮುಖವಾಡ ಕಿತ್ತೆಸೆದ ಖುಷಿ. "ಈ ಖುಷಿಗೋಸ್ಕರವೇ ಈ ವಾದ ಹೂಡಿದೆಯೇನಪ್ಪ?" ಎಂದು ಕೇಳಿದರೆ ಮಾತ್ರ, "ಇಲ್ಲ ಸಾರ್, ಅದು ಸತ್ಯ, ಅದಕ್ಕೆ ಹೇಳಿದೆ" ಅನ್ನುತ್ತಿದ್ದರು. ನೋಡಿ, ಸತ್ಯಕ್ಕೋಸ್ಕರ ಒಂದು ಕೆಲಸ ಮಾಡಬಹುದಂತೆ, ಅಜ್ಜಿಗೋಸ್ಕರ ಮಾಡುವ ಹಾಗಿಲ್ಲ!

ಈ ವಾದಕ್ಕೆ ವಯಸ್ಸಾಗಿದೆ. 17ನೇ ಶತಮಾನದ ಇಂಗ್ಲೆಂಡಿನ ಥಾಮಸ್ ಹಾಬ್ಸ್, ಮನುಷ್ಯನ ನಡವಳಿಕೆಗೆಲ್ಲ ಅವನ ಸ್ವಹಿತವೇ ಬೇರು ಎಂದು ವಾದಿಸಿದವನೆಂದು ಹೆಸರಾದವನು. ಒಂದು ದಿನ ಲಂಡನ್ನಿನ ಬೀದಿಯಲ್ಲಿ ರೋಗಿಷ್ಟ ಮುದುಕನೊಬ್ಬ ಕೈಚಾಚಿದಾಗ ಆರು ಪೆನ್ಸ್ ಕೊಟ್ಟ. ಅಲ್ಲೇ ಇದ್ದ ಪಾದ್ರಿಯೊಬ್ಬರು, "ಕ್ರಿಸ್ತನ ಅಪ್ಪಣೆ ಇಲ್ಲದಿದ್ದರೂ ಕೊಡುತ್ತಿದ್ದಿರಾ?" ಎಂದು ಕೆಣಕಿದರು. ಕೊಡುತ್ತಿದ್ದೆ ಎಂದ ಹಾಬ್ಸ್. ಆ ಮುದುಕನ ಸ್ಥಿತಿ ನೋಡಿ ನನಗೆ ಸಂಕಟವಾಗುತ್ತಿತ್ತು, ಕೊಟ್ಟ ಕಾಸು ಅವನಿಗೂ ಒಂದಿಷ್ಟು ಆಸರೆಯಾಯಿತು, ನನ್ನ ಸಂಕಟವನ್ನೂ ಇಳಿಸಿತು ಎಂದು ಕಾರಣ ಕೊಟ್ಟ. ಅವನ ಗೆಳೆಯ ಜಾನ್ ಆಬ್ರಿ ಇದನ್ನು ಬರೆದಿಟ್ಟಿದ್ದಾನೆ.

ನಿಮ್ಮ ಮೈದುನರು ಇದನ್ನು ಕೇಳಿದರೆ ಕುಣಿದಾಡಿಯಾರು. ಸ್ವಲ್ಪ ತಡೆಯಲಿ. ಮುದುಕನ ಸ್ಥಿತಿ ನೋಡಿ ಹಾಬ್ಸನಿಗೆ ಸಂಕಟ ಆದದ್ದಾದರೂ ಯಾಕೆ? ಮುದುಕ ಬದುಕಿದರೇನು ಸತ್ತರೇನು ಎಂಬವನಿಗೆ ಸಂಕಟವೇ ಆಗುವುದಿಲ್ಲ. ಅಂದರೆ ಸಂಕಟಕ್ಕಿಂತ ಮೊದಲೇ ಅಲ್ಲೊಂದು ಕಾಳಜಿ ಬಂದು ಕೂತಿದೆ. ಇನ್ನೊಂದು, ಸಂಕಟ ಇಳಿಸಿಕೊಳ್ಳುವುದೇ ಗುರಿಯಾಗಿದ್ದರೆ ರಸ್ತೆ ದಾಟಿ ಆ ಬದಿಗೆ ಹೋಗಿದ್ದರೂ ಸಾಕಿತ್ತು, ಆರು ಪೆನ್ಸೂ ಉಳಿಯುತ್ತಿತ್ತು.

ಇದೇ ಎಳೆಯನ್ನು ಹಿಡಿದು ಜಗ್ಗಿದವರು ಜೋಸೆಫ್ ಬಟ್ಲರ್ ಎಂಬ ಪಾದ್ರಿ, 1726ರಲ್ಲಿ ಅಚ್ಚಾದ ತಮ್ಮ ಉಪನ್ಯಾಸಗಳಲ್ಲಿ. ಅವರ ವಾದವನ್ನು ನಮ್ಮ ಅಡುಗೆಮನೆಗೆ ತಂದು ಹೇಳುತ್ತೇನೆ. ಹಸಿದವನಿಗೆ ಅಕ್ಕಿರೊಟ್ಟಿ ಸುಖ ಕೊಡುತ್ತದೆ. ಆದರೆ ಅವನು ಬಯಸಿದ್ದು ರೊಟ್ಟಿಯನ್ನು. ಬಯಸಿದ್ದು ಸಿಕ್ಕಿತೆಂದು ಸುಖ ಹಿಂದೆಯೇ ಬಂತು. ರೊಟ್ಟಿಯ ಮೇಲೆ ಆಸೆಯೇ ಇಲ್ಲದವನಿಗೆ ಅದನ್ನು ತಿನ್ನಿಸಿ, ತಗೋ ಸುಖಪಡು ಅಂದರೆ ಎಲ್ಲಿಂದ ತಂದಾನು? ಹಾಗೆಯೇ ಅಜ್ಜಿ ಉಂಡರೆಂದು ನಿಮಗೆ ಖುಷಿಯಾಗಬೇಕಾದರೆ, ಅಜ್ಜಿ ಉಣ್ಣಲಿ ಎಂಬ ಆಸೆ ಮೊದಲು ಇರಬೇಕು. ಮೈದುನರು ಬಾಲವನ್ನು ಹಿಡಿದುಕೊಂಡು, ಹಸುವನ್ನು ಎಳೆದು ತಂದದ್ದು ಈ ಬಾಲವೇ ಅನ್ನುತ್ತಿದ್ದಾರೆ.

ಆ ಆಸೆ ನಿಮ್ಮದು, ನಿಜ. ನಿಮ್ಮ ಮನಸ್ಸಿನಲ್ಲಿ ಹುಟ್ಟಿದ್ದು ಪಕ್ಕದ ಮನೆಯವರದ್ದು ಹೇಗಾದೀತು? ಆದರೆ ಆಸೆ ನನ್ನದು ಎಂಬುದು ಬೇರೆ, ಆಸೆ ನನಗಾಗಿ ಎಂಬುದು ಬೇರೆ. ಈ ಎರಡು ಮಾತಿನ ನಡುವಿನ ಸಂದಿಯಲ್ಲೇ ಹಿಂದಿನ ಬೆಂಚಿನವರ ಅಷ್ಟೂ ತರ್ಕ ಜಾರಿಬೀಳುತ್ತಿತ್ತು.

ಅನುಮಾನವಿದ್ದರೆ ಒಂದು ಸಂದರ್ಭ ಊಹಿಸಿಕೊಳ್ಳಿ. ಚಿಕ್ಕಮಗಳೂರಿನಲ್ಲಿ ನೆಂಟರ ಮದುವೆ, ನೀವು ಮೂರು ದಿನ ಊರಲ್ಲಿರುವುದಿಲ್ಲ. ಅಜ್ಜಿಗೆ ಊಟ ಕೊಡುವಂತೆ ಪಕ್ಕದವರಿಗೆ ಹೇಳಿ ಹೋಗುತ್ತೀರಿ. ದಿನಾ ಸಂಜೆ ಫೋನ್ ಮಾಡಿದಾಗ, "ಕೊಟ್ಟೆ ಅಕ್ಕಾ, ಚೆನ್ನಾಗಿ ಉಂಡ್ರು" ಅನ್ನುತ್ತಾರೆ. ನೀವು ನೆಮ್ಮದಿಯಾಗಿ ಮದುವೆ ಮುಗಿಸಿಕೊಂಡು ಬಂದು ನೋಡಿದರೆ ಅವರು ಒಂದು ದಿನವೂ ಆ ಕಡೆ ಹೋಗಿಲ್ಲ. ಅಜ್ಜಿ ಮೂರು ದಿನ ಬರೀ ನೀರು ಕುಡಿದು ಮಲಗಿದ್ದಾರೆ. ಈಗ ಲೆಕ್ಕ ಹಾಕಿ. ನಿಮಗೆ ಬೇಕಿದ್ದದ್ದು ನಿಮ್ಮ ನೆಮ್ಮದಿಯೇ ಆಗಿದ್ದರೆ ಮೂರು ದಿನವೂ ಅದು ಪೂರ್ತಿ ಸಂದಿದೆ, ಒಂದು ಪೈಸೆ ಬಾಕಿ ಇಲ್ಲ. ಹಾಗಿದ್ದೂ ನೀವು ಆ ಪಕ್ಕದವರ ಮೇಲೆ ಹೇಗೆ ಹರಿಹಾಯುತ್ತೀರಿ ಎಂಬುದನ್ನು ನಾನು ಇಲ್ಲಿಂದಲೇ ಕಾಣಬಲ್ಲೆ. ನಿಮಗೆ ಬೇಕಿದ್ದದ್ದು ಅಜ್ಜಿಯ ಹೊಟ್ಟೆ ತುಂಬುವುದು. ತುಂಬಿತು ಎಂಬ ಅನಿಸಿಕೆಯನ್ನು ಇಟ್ಟುಕೊಂಡು ನೀವೇನು ಮಾಡುತ್ತೀರಿ?

ಇಷ್ಟಾದರೂ ಮೈದುನರು, "ಅದೂ ಸ್ವಾರ್ಥವೇ" ಅಂದರೆ ಬಿಟ್ಟುಬಿಡಿ. ಹಾಗಾದರೆ ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿಯನ್ನು ನುಂಗಿ ನೀರು ಕುಡಿಯುವವನಿಗೂ, ಅವರ ಬೆನ್ನುಜ್ಜುವ ನಿಮಗೂ ಒಂದೇ ಪದ. ಪದ ಒಂದೇ ಆದರೂ ಇಬ್ಬರ ವ್ಯತ್ಯಾಸ ಎಲ್ಲಿಗೂ ಹೋಗಿಲ್ಲ. ಅದಕ್ಕೆ ಅವರೇ ಇನ್ನೊಂದು ಪದ ಹುಡುಕಿಕೊಳ್ಳಲಿ.

ವಾದದಿಂದ ಬಗೆಹರಿಯದ್ದನ್ನು ಪ್ರಯೋಗದಿಂದ ನೋಡೋಣ ಎಂದು ಹೊರಟವರೂ ಇದ್ದಾರೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಡೇನಿಯಲ್ ಬ್ಯಾಟ್ಸನ್ ಮತ್ತು ಜೊತೆಗಾರರು 1981ರಲ್ಲಿ ಪ್ರಕಟಿಸಿದ ಪ್ರಯೋಗ, ಹಾಬ್ಸ್ ರಸ್ತೆ ದಾಟಬಹುದಿತ್ತಲ್ಲ ಎಂಬ ಅದೇ ಪ್ರಶ್ನೆಯದು. ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರಾಗಿ ಟೀವಿ ಮುಂದೆ ಕೂರಿಸಿದರು. ತೆರೆಯ ಮೇಲೆ ಎಲೇನ್ ಎಂಬ ಹುಡುಗಿ ಒಂದೊಂದು ಸುತ್ತಿಗೂ ಕರೆಂಟ್ ಶಾಕ್ ತಿನ್ನುತ್ತಿದ್ದಾಳೆ. ನಿಜಕ್ಕೆ ಅದು ಮೊದಲೇ ಚಿತ್ರಿಸಿಟ್ಟ ನಟನೆ, ಶಾಕೂ ಇಲ್ಲ ಮಣ್ಣೂ ಇಲ್ಲ. ನೋಡುವವರಿಗೆ ಅದು ಗೊತ್ತಿಲ್ಲ. ನಡುವೆ ಅವರನ್ನು ಕೇಳುತ್ತಾರೆ: ಎಲೇನಳ ಜಾಗದಲ್ಲಿ ನೀನು ಕೂರುತ್ತೀಯಾ? ಕೆಲವರಿಗೆ, ಒಲ್ಲೆನೆಂದರೆ ಇನ್ನು ನೋಡಬೇಕಾಗಿಲ್ಲ, ಎದ್ದು ಹೋಗಬಹುದು ಎಂದಿದ್ದರು. ಉಳಿದವರು ಒಲ್ಲೆನೆಂದರೂ ಬಾಕಿ ಸುತ್ತುಗಳನ್ನೆಲ್ಲ ನೋಡಲೇಬೇಕು. ಜೊತೆಗೆ, ಎಲೇನ್ ನಿನ್ನಂಥದ್ದೇ ಅಭಿರುಚಿಯವಳು ಎಂದು ಕೆಲವರಿಗೆ ನಂಬಿಸಿ ಅವಳ ಮೇಲೆ ಮನಸ್ಸು ಹರಿಯುವಂತೆ ಮಾಡಿದ್ದರು.

ಎದ್ದು ಹೋಗಲು ಬಾಗಿಲು ತೆರೆದಿದ್ದಾಗ, ಎಲೇನ್ ತಮ್ಮಂಥವಳಲ್ಲ ಎಂದುಕೊಂಡ 11 ಹುಡುಗಿಯರಲ್ಲಿ ಅವಳ ಜಾಗಕ್ಕೆ ಬರಲು ಒಪ್ಪಿದವರು ಇಬ್ಬರೇ. ತಮ್ಮಂಥವಳು ಎಂದುಕೊಂಡ 11 ಜನರಲ್ಲಿ ಒಪ್ಪಿದವರು 10! ತಮ್ಮ ಸಂಕಟ ಕಳೆದುಕೊಳ್ಳುವುದಷ್ಟೇ ಬೇಕಿದ್ದರೆ ಆ ಹತ್ತೂ ಜನ ಬಾಗಿಲ ಕಡೆ ನಡೆಯುತ್ತಿದ್ದರು. ಎದ್ದು ಹೋದರೂ ಮನಸ್ಸು ಕೊರೆಯುತ್ತದಲ್ಲ, ಆ ಕೊರೆತ ತಪ್ಪಿಸಿಕೊಳ್ಳಲು ಒಪ್ಪಿರಬಹುದು ಎಂದು ಬೇರೆ ಮನಶ್ಶಾಸ್ತ್ರಜ್ಞರು ತಕರಾರು ತೆಗೆದರು, ಅದಕ್ಕೂ ಬ್ಯಾಟ್ಸನ್ ಹೊಸ ಪ್ರಯೋಗಗಳನ್ನು ಹೂಡಿದರು. ಜಗಳ ದಶಕಗಟ್ಟಲೆ ನಡೆಯಿತು. ನನ್ನ ಮನಸ್ಸು ಬ್ಯಾಟ್ಸನ್ ಕಡೆಗೇ ವಾಲುತ್ತದೆ.

ಕೊಟ್ಟವರಿಗೆ ಖುಷಿಯಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಕೊಟ್ಟಾಗ ಎದೆಯಲ್ಲಿ ಏಳುವ ಆ ಬೆಚ್ಚನೆಯ ಭಾವಕ್ಕೆ ಜೇಮ್ಸ್ ಆಂಡ್ರಿಯೋನಿ ಎಂಬ ಅರ್ಥಶಾಸ್ತ್ರಜ್ಞ 1990ರಲ್ಲಿ ತಮ್ಮ ಶಾಸ್ತ್ರದೊಳಗೇ ಒಂದು ಲೆಕ್ಕ ತೆರೆದರು. 2008ರಲ್ಲಿ ಎಲಿಜಬೆತ್ ಡನ್, ಲಾರಾ ಆಕ್ನಿನ್, ಮೈಕೆಲ್ ನಾರ್ಟನ್ ಕೆನಡಾದಲ್ಲಿ 46 ಜನರಿಗೆ ಬೆಳಿಗ್ಗೆ 5 ಅಥವಾ 20 ಡಾಲರಿನ ಲಕೋಟೆ ಕೊಟ್ಟು, ಸಂಜೆ ಐದರೊಳಗೆ ಕೆಲವರು ತಮಗಾಗಿ, ಕೆಲವರು ಬೇರೆಯವರಿಗಾಗಿ ಖರ್ಚು ಮಾಡಬೇಕು ಎಂದರು. ಸಂಜೆ ವಿಚಾರಿಸಿದರೆ ಬೇರೆಯವರಿಗೆ ಖರ್ಚು ಮಾಡಿದವರೇ ಹೆಚ್ಚು ಖುಷಿಯಾಗಿದ್ದರು, 5 ಆದರೂ ಅಷ್ಟೇ 20 ಆದರೂ ಅಷ್ಟೇ. ಇದನ್ನು ಎಲ್ಲರೂ ಹೇಳುತ್ತಾರೆ. ಅದರ ಬಾಲದಲ್ಲಿರುವ ಇನ್ನೊಂದು ಸಂಗತಿ ನನಗೆ ಹೆಚ್ಚು ರುಚಿ. ಯಾವುದರಲ್ಲಿ ಖುಷಿ ಜಾಸ್ತಿ ಎಂದು ಬೇರೆ ಒಂದು ಗುಂಪಿಗೆ ಮೊದಲೇ ಊಹಿಸಲು ಹೇಳಿದಾಗ ಹೆಚ್ಚಿನವರು ತಪ್ಪು ಹೇಳಿದರು. ತಮಗೆ ಖರ್ಚು ಮಾಡಿಕೊಂಡರೆ ಖುಷಿ ಹೆಚ್ಚು, 20 ಡಾಲರಾದರೆ ಇನ್ನೂ ಹೆಚ್ಚು ಎಂದರು. ಮೈದುನರ ಪ್ರಕಾರ ಜನ ಒಳ್ಳೆಯದು ಮಾಡುವುದು ಖುಷಿ ಗಿಟ್ಟಿಸಲು. ಆದರೆ ಅದರಲ್ಲಿ ಅಷ್ಟು ಖುಷಿ ಇದೆ ಎಂಬುದೇ ಜನಕ್ಕೆ ಗೊತ್ತಿಲ್ಲವಲ್ಲ! ಗೊತ್ತಿಲ್ಲದ ನಿಧಿಗೆ ಯಾರಾದರೂ ಗುದ್ದಲಿ ಹಿಡಿದು ಹೋಗುತ್ತಾರೆಯೇ?

ಉಪನಿಷತ್ತನ್ನು ಎಳೆದು ತರುವ ಮೈದುನರೂ ಇರುತ್ತಾರೆ. ಬೃಹದಾರಣ್ಯಕದಲ್ಲಿ ಋಷಿ ಯಾಜ್ಞವಲ್ಕ್ಯ ತನ್ನ ಹೆಂಡತಿ ಮೈತ್ರೇಯಿಗೆ, ಗಂಡ ಪ್ರಿಯನಾಗುವುದು ಗಂಡನಿಗಾಗಿ ಅಲ್ಲ, ಆತ್ಮಕ್ಕಾಗಿ ಎನ್ನುತ್ತಾನಲ್ಲ, ಅಲ್ಲಿಗೆ ಎಲ್ಲವೂ ಸ್ವಾರ್ಥವಾಯಿತಲ್ಲ ಎಂದು. ಯಾಜ್ಞವಲ್ಕ್ಯ ಹೇಳುವ ಆತ್ಮ ರೇಷನ್ ಕಾರ್ಡಿನಲ್ಲಿ ಹೆಸರಿರುವ ನಾನು ಅಲ್ಲ. ಗಂಡ ಹೆಂಡತಿ ಮಕ್ಕಳು ಅಜ್ಜಿ ಎಲ್ಲರಲ್ಲೂ ಒಂದೇ ಆಗಿರುವುದು ಅದು. ಆ ಮಾತನ್ನು ಸ್ವಾರ್ಥಕ್ಕೆ ಸಾಕ್ಷಿಯಾಗಿ ಹಾಜರುಪಡಿಸಿದರೆ ಸಾಕ್ಷಿ ತಿರುಗಿಬೀಳುತ್ತದೆ.

ಮೈದುನರನ್ನು ಇಷ್ಟು ತರಾಟೆಗೆ ತೆಗೆದುಕೊಂಡೆನೆಂದು ಅತ್ತೆಯವರು ಗೆದ್ದರು ಅಂದುಕೊಳ್ಳಬೇಡಿ. ಖುಷಿಗಲ್ಲ ಅಂದಮೇಲೆ ಯಾವುದೋ ಮೇಲಿನ ಉದ್ದೇಶಕ್ಕೆ ಇರಬೇಕು ಎಂದು ನೀವೂ ಊಹಿಸಿದ್ದೀರಿ. ಆ ಊಹೆಯ ಮೇಲೂ ನನಗೆ ಅಷ್ಟೇ ಅನುಮಾನ.

ಶ್ರವಣಬೆಳಗೊಳಕ್ಕೆ ನೀವು ಹೋಗಿರುತ್ತೀರಿ. ವಿಂಧ್ಯಗಿರಿಯ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಾಹುಬಲಿಯನ್ನು ಕತ್ತೆತ್ತಿ ನೋಡುವ ಭರದಲ್ಲಿ, ಅವನ ಎದುರಿಗೇ ನಿಂತ ಒಬ್ಬ ಮುದುಕಿಯ ಮೂರ್ತಿಗೆ ಬೆನ್ನು ಹಾಕಿರುತ್ತೀರಿ. ಬಹಳ ಜನ ಹಾಗೇ ಮಾಡುತ್ತಾರೆ. ಅವಳೇ ಗುಳ್ಳಕಾಯಜ್ಜಿ. ಗಂಗರ ಮಂತ್ರಿ ಚಾವುಂಡರಾಯ 981ರ ಸುಮಾರಿಗೆ ಬಾಹುಬಲಿಯನ್ನು ಕಡೆಸಿ ನಿಲ್ಲಿಸಿದ. ಐತಿಹ್ಯ ಹೇಳುವಂತೆ ಮೊದಲ ಅಭಿಷೇಕಕ್ಕೆ ಕೊಡಗಟ್ಟಲೆ ಹಾಲು ಸುರಿದರೂ ಅದು ಮೂರ್ತಿಯ ನಡುವಿನಿಂದ ಕೆಳಗೆ ಇಳಿಯಲಿಲ್ಲ. ಆಗ ಈ ಅಜ್ಜಿ ಬದನೆಯ ಜಾತಿಯ ಒಂದು ಪುಟ್ಟ ಕಾಯಿಯ ಚಿಪ್ಪಿನಲ್ಲಿ ತಂದ ಹಾಲನ್ನು ಎರೆಯಲು ಬಿಟ್ಟರು. ಹಾಲು ಪಾದ ಮುಟ್ಟಿ ಬೆಟ್ಟದ ಕೆಳಕ್ಕೆ ಹರಿಯಿತು.

ಚಿಕ್ಕವರ ಭಕ್ತಿ ದೊಡ್ಡದು ಎಂದು ಈ ಕಥೆ ಹೇಳಿ ಮುಗಿಸುವುದು ವಾಡಿಕೆ. ನಾನು ತರಗತಿಯಲ್ಲಿ ಬೇರೆ ಕಡೆಯಿಂದ ಕೇಳುತ್ತಿದ್ದೆ: ಚಾವುಂಡರಾಯನ ಉದ್ದೇಶದಲ್ಲಿ ಏನು ಕೊರತೆ ಇತ್ತು? ಅದಕ್ಕಿಂತ ಉನ್ನತವಾದ ಉದ್ದೇಶ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಇದ್ದಿರಲಾರದು. 57 ಅಡಿ ಎತ್ತರ ಇತ್ತು! ಹಾಗಿದ್ದೂ ಹಾಲು ನಡುವಿಗೇ ನಿಂತದ್ದು, ನಾನು ಮಾಡಿಸಿದೆ ಎಂಬುದು ಅಲ್ಲಿ ಅಡ್ಡ ಮಲಗಿತ್ತು ಎಂದೇ ಕಥೆಯ ಅಭಿಪ್ರಾಯ. ಉದ್ದೇಶ ಎಷ್ಟು ಮೇಲೇರಿದರೂ ನಾನು ಎಂಬುದು ಅದರ ಹೆಗಲ ಮೇಲೆ ಕೂತು ತಾನೂ ಮೇಲೇರಿಬಿಡಬಹುದು. ಇನ್ನೊಂದು ತಮಾಷೆ ನೋಡಿ. ಎರೆದಾಗ ಅಜ್ಜಿಗೆ ಖುಷಿಯಾಯಿತೇ, ಅವಳ ಮನಸ್ಸಿನಲ್ಲಿ ಪುಣ್ಯದ ಲೆಕ್ಕ ಇತ್ತೇ ಎಂದು ಕಥೆಯಲ್ಲಿ ಯಾರೂ ವಿಚಾರಿಸುವುದೇ ಇಲ್ಲ.

ಅತ್ತೆಯವರ "ಮೇಲಿರೋನು ಲೆಕ್ಕ ಇಟ್ಟಿರ್ತಾನೆ" ಎಂಬ ಮಾತಿಗೆ ಗೀತೆಯ 17ನೇ ಅಧ್ಯಾಯದಲ್ಲಿ ನೇರ ಉತ್ತರವಿದೆ. ಕೊಡಬೇಕಾದದ್ದು ಎಂದಷ್ಟೇ ತಿಳಿದು, ತಿರುಗಿ ಉಪಕಾರ ಮಾಡಲಾಗದವರಿಗೆ ಕೊಟ್ಟದ್ದು ಸಾತ್ವಿಕ. ಪ್ರತ್ಯುಪಕಾರಕ್ಕೋ ಫಲಕ್ಕೋ ಕಣ್ಣಿಟ್ಟು ಕೊಟ್ಟದ್ದು ರಾಜಸ. ಪುಣ್ಯವೂ ಫಲವೇ ತಾನೆ, ಹಾಗಾಗಿ ಪುಣ್ಯಕ್ಕೆಂದು ಮಾಡಿದ ದಾನ ಎರಡನೇ ದರ್ಜೆಗೆ ಇಳಿಯುತ್ತದೆ. ಇದನ್ನು ಅತ್ತೆಯವರಿಗೆ ಓದಿ ಹೇಳಲೇಬೇಕೆಂದೇನಿಲ್ಲ. ಮನೆಯಲ್ಲಿ ಶಾಂತಿ ಮುಖ್ಯ.

ಜರ್ಮನಿಯ ತತ್ವಜ್ಞಾನಿ ಕಾಂಟ್ 1785ರಲ್ಲಿ ಇನ್ನೂ ಗಟ್ಟಿಯಾಗಿ ಹೇಳಿದ: ಪರೋಪಕಾರದಲ್ಲಿ ಸುಖ ಕಾಣುವ ಸ್ವಭಾವದವನು ಮಾಡುವ ಉಪಕಾರ ಮೆಚ್ಚತಕ್ಕದ್ದೇ, ಆದರೆ ಅದಕ್ಕೆ ನಿಜವಾದ ನೈತಿಕ ಬೆಲೆ ಇಲ್ಲ, ತನ್ನ ದುಃಖದಲ್ಲಿ ಮುಳುಗಿ ಯಾವ ಮರುಕವೂ ಉಕ್ಕದಿದ್ದಾಗ ಕರ್ತವ್ಯವೆಂದು ಮಾಡಿದರೆ ಬೆಲೆ. ಹಾಗಾದರೆ ಗೆಳೆಯರಿಗೆ ಪ್ರೀತಿಯಿಂದ ಸಹಾಯ ಮಾಡುವ ನಾನು ಒಳ್ಳೆಯವನಾಗಲು ಮೊದಲು ಅವರನ್ನು ದ್ವೇಷಿಸಲು ಕಲಿಯಬೇಕೇನೋ ಎಂದು ಅವನ ದೇಶದವನೇ ಆದ ಕವಿ ಶಿಲ್ಲರ್ ಗೇಲಿ ಮಾಡಿದ್ದ. ಗೇಲಿ ಕಾಂಟನಿಗೆ ಪೂರ್ತಿ ನ್ಯಾಯವಲ್ಲ, ಆದರೆ ತಾಗಬೇಕಾದಲ್ಲಿ ತಾಗಿದೆ. ಕರ್ತವ್ಯ ಮಾಡುತ್ತಿದ್ದೇನೆ ಎಂದುಕೊಂಡು ಬೆನ್ನುಜ್ಜಿದರೆ ಅಜ್ಜಿಗೆ ಕೈಯಲ್ಲೇ ಗೊತ್ತಾಗುತ್ತದೆ.

ಎಲ್ಲ ಕೆಲಸಕ್ಕೂ ಇದೇ ಮಾತು ಅನ್ವಯಿಸುವುದಿಲ್ಲ. ಹೊಯ್ಸಳರ ಕಾಲದ ದಾನ ಶಾಸನಗಳನ್ನು ನೋಡಿ. ಕೊಟ್ಟವರ ಹೆಸರು, ಬರುವ ಪುಣ್ಯ, ಕೊನೆಗೆ ಶಾಪ: ಈ ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂದು. ದಾನ ತಲೆಮಾರುಗಟ್ಟಲೆ ಉಳಿಯಬೇಕಾದರೆ ಬರೀ ಒಳ್ಳೆಯತನ ಸಾಲದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದರಲ್ಲಿ ತಪ್ಪೂ ಇಲ್ಲ. ಕೆರೆ ಕಟ್ಟಿಸಿದವನು ಹೆಸರಿಗೆ ಕಟ್ಟಿಸಿದನೋ ಹುಳುವಾಗುವ ಭಯಕ್ಕೋ ಎಂದು ನೀರು ಕುಡಿಯುವ ದನ ಕೇಳುವುದಿಲ್ಲ. ಆದರೆ ಒಬ್ಬ ಮನುಷ್ಯರ ಮೈ ಮುಟ್ಟಿ ಮಾಡುವ ಸೇವೆಯಲ್ಲಿ ಮಾಡುವವರ ಮನಸ್ಸೂ ಆ ಸೇವೆಯ ಒಂದು ಭಾಗ.

ನಮ್ಮೂರು ಅರಸೀಕೆರೆ ಕಡೆ, ನಿಮ್ಮಲ್ಲಿ ಬೀಳುವ ಮಳೆಯ ಅರ್ಧವೂ ಬೀಳದ ತೆಂಗಿನ ಸೀಮೆ. ಯುಗಾದಿ ಕಳೆದ ಮೇಲೆ ಮಳೆ ಹಿಡಿಯುವವರೆಗೆ ನಮ್ಮ ದೊಡ್ಡಪ್ಪ ಸಂತೆ ದಾರಿಯಲ್ಲಿ ಅರವಟ್ಟಿಗೆ ಇಡುತ್ತಿದ್ದರು. ಹೊಂಗೆ ಮರದ ಪಕ್ಕ ನಾಲ್ಕು ಗೂಟ, ಮೇಲೆ ತೆಂಗಿನ ಗರಿ, ಒಳಗೆ ಮರಳಿನಲ್ಲಿ ಕೂರಿಸಿದ ಮೂರು ಹರವಿ, ಮೈಗೆ ಒದ್ದೆ ಗೋಣಿ ಸುತ್ತಿದ್ದು. ಎರಡರಲ್ಲಿ ನೀರು, ಒಂದರಲ್ಲಿ ಶುಂಠಿ ಜಜ್ಜಿ ಹಾಕಿದ ನೀರುಮಜ್ಜಿಗೆ. ದೊಡ್ಡಪ್ಪ ನಕ್ಕದ್ದನ್ನು ನಾನು ನೋಡಿಲ್ಲ. "ಬೊಗಸೆ ನೆಟ್ಟಗಿಡ್ಲಾ, ಚೆಲ್ಲಬ್ಯಾಡ", "ಬಿಸ್ಲಾಗೆ ಬಂದೋನು ಗಟಗಟ ಕುಡೀಬ್ಯಾಡ, ಸುಧಾರಿಸ್ಕ" ಎಂದು ಗದರುತ್ತಲೇ ಹೊಯ್ಯುವರು.

ಒಂದು ಸಂತೆಯ ದಿನ ನಾನು ಹರವಿ ಪಕ್ಕ ಕೂತಿದ್ದೆ, ಏಳೆಂಟು ವರ್ಷದವನು. ಕುರಿ ಕಾಯುವ ಮುದುಕನೊಬ್ಬ ಬಂದು ಎರಡು ಬೊಗಸೆ ಮಜ್ಜಿಗೆ ಕುಡಿದು, "ತಂಪಾತು ಸ್ವಾಮಿ, ದ್ಯಾವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ" ಅಂದ. ದೊಡ್ಡಪ್ಪನ ಕಿವಿ ಅವನ ಮಾತಿನ ಮೇಲಿರಲಿಲ್ಲ. ಕುಡಿಯುವಾಗ ಮುದುಕ ಒಂದು ಕಣ್ಣು ಕಿವುಚಿದ್ದನ್ನು ನೋಡಿಬಿಟ್ಟಿದ್ದರು. ಅವನು ಹೋದ ಮೇಲೆ ತಾವೇ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದರು. ಬಿಸಿಲಿಗೆ ಮಜ್ಜಿಗೆ ಹುಳಿ ಏರಿತ್ತು. ಇಡೀ ಹರವಿಯನ್ನು ಹೊಂಗೆ ಬುಡಕ್ಕೆ ಮಗುಚಿ, ನನ್ನನ್ನು ಮನೆಗೆ ಓಡಿಸಿದರು, ಹೊಸ ಮಜ್ಜಿಗೆ ತರಲು. ನನಗೆ ಸಿಟ್ಟು. ಕುಡಿದವನೇ ಚೆನ್ನಾಗಿದೆ ಅಂದನಲ್ಲ ಎಂದು ಗೊಣಗಿದೆ. "ಬಾಯಾರ್ದೋನು ಏನು ಕೊಟ್ರೂ ಚೆನ್ನಾಗೈತೆ ಅಂತಾನೆ, ಹೋಗ್ಲಾ" ಅಂದರು.

ಆ ಹೊತ್ತಿನಲ್ಲಿ ದೊಡ್ಡಪ್ಪನಿಗೆ ಖುಷಿಯೂ ಸಿಕ್ಕಿತ್ತು, ಬೇಕೆಂದರೆ ಪುಣ್ಯವೂ. ಆಶೀರ್ವಾದವೇ ಬಾಯಿಂದ ಬಂದಿತ್ತಲ್ಲ. ಎರಡೂ ಕೈಗೆ ಬಂದ ಮೇಲೂ ಅವರಿಗೆ ಕೆಲಸ ಮುಗಿದಿರಲಿಲ್ಲ, ಯಾಕೆಂದರೆ ಆ ಕಿವುಚಿದ ಕಣ್ಣು. ಖುಷಿಗೋ ಉನ್ನತ ಉದ್ದೇಶಕ್ಕೋ ಎಂದು ಕೇಳಿದಾಗಲೆಲ್ಲ ನನಗೆ ಅನ್ನಿಸುವುದು ಇದು: ಎರಡೂ ಕೊಡುವವನ ಕಡೆಗೇ ತಿರುಗಿದ ಕನ್ನಡಿಗಳು. ಒಂದರಲ್ಲಿ ಅವನ ನಗು ಕಾಣುತ್ತದೆ, ಇನ್ನೊಂದರಲ್ಲಿ ಅವನ ದೊಡ್ಡತನ. ಕುಡಿಯುವವನ ಮುಖ ಎರಡರಲ್ಲೂ ಇಲ್ಲ. ನಮ್ಮ ಶರಣರು ದಾನ ಎಂಬ ಪದವನ್ನು ಪಕ್ಕಕ್ಕಿಟ್ಟು ದಾಸೋಹ ಅಂದದ್ದರ ಹಿಂದೆಯೂ ಈ ಎಚ್ಚರ ಇದ್ದಿರಬೇಕು. ಕೊಡುವವನೇ ದಾಸ ಅಂದುಬಿಟ್ಟರೆ ಬೀಗಲು ಜಾಗವೆಲ್ಲಿ?

ಇದನ್ನು ದೊಡ್ಡಪ್ಪನಿಂದ ಕಲಿತೆ ಎಂದು ಹೇಳಿಕೊಳ್ಳುವ ಯೋಗ್ಯತೆ ನನಗಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ವಿದ್ಯಾರ್ಥಿಯೊಬ್ಬನ ತಾಯಿಗೆ ಆಪರೇಷನ್, ನನ್ನ ಗುಂಪಿನ ರಕ್ತ ಬೇಕಿತ್ತು. ಹೋಗಿ ಕೊಟ್ಟೆ. ಮಾರನೇ ದಿನ ಸ್ಟಾಫ್ ರೂಮಿನಲ್ಲಿ ತೋಳಿನ ಹತ್ತಿ ಪಟ್ಟಿ ಕಾಣುವ ಹಾಗೆ ಅಂಗಿ ಮಡಚಿ ಕೂತೆ. ಕೇಳಿದವರಿಗೆಲ್ಲ, "ಅಯ್ಯೋ ಅದೇನು ಮಹಾ" ಅಂದೆ. ಹುಡುಗ ಬರಲಿಲ್ಲ. ಒಂದು ವಾರ ಕಳೆಯಿತು, ಸುಳಿವಿಲ್ಲ. ಒಂದು ಥ್ಯಾಂಕ್ಸ್ ಹೇಳಲೂ ಪುರುಸೊತ್ತಿಲ್ಲವೇ ಈ ಕಾಲದ ಹುಡುಗರಿಗೆ ಎಂದು ಮನೆಯಲ್ಲೂ ಕೂಗಾಡಿದೆ. ಹದಿನೈದನೇ ದಿನ ಅವನು ತರಗತಿಯ ಬಾಗಿಲಲ್ಲಿ ನಿಂತಿದ್ದ. ತಲೆ ಬೋಳಿಸಿತ್ತು.

ಆ ಹದಿನೈದು ದಿನದಲ್ಲಿ ಅವನ ತಾಯಿ ಹೇಗಿದ್ದಾರೆ ಎಂದು ನಾನು ಒಂದು ಸಲವೂ ವಿಚಾರಿಸಿರಲಿಲ್ಲ. ರಕ್ತ ಕೊಟ್ಟದ್ದು ಒಳ್ಳೆಯದೇ, ಆ ಬಾಟಲಿ ಅವರಿಗೆ ಬೇಕಿತ್ತು. ಆದರೆ ನನ್ನ ಕಣ್ಣು ಎಲ್ಲಿತ್ತು ಎಂಬುದು ಅವತ್ತು ನನಗೇ ಗೊತ್ತಾಯಿತು. ಅವತ್ತು ಪಾಠ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಈಗ ನಿಮ್ಮ ಖುಷಿ ಯಾಕೆ ಹೋಯಿತು ಎಂಬುದಕ್ಕೆ ಬರೋಣ. ಒಂದೂವರೆ ವರ್ಷ ಕೆಲಸ ಮಾಡಿದರೆ ಯಾರ ಮೈಯಾದರೂ ಸೋಲುತ್ತದೆ, ಅದು ಮೊದಲ ಕಾರಣ. ಎರಡನೆಯದು, ಮೈದುನರ ಮಾತು ಕಿವಿಗೆ ಬಿದ್ದ ಮೇಲೆ ನೀವು ದಿನಾ ದಾರಿಯಲ್ಲಿ ಬರುವಾಗ, ಇವತ್ತು ಖುಷಿಯಾಯಿತೇ ಎಂದು ತಡಕಿ ನೋಡಿಕೊಳ್ಳಲು ಶುರು ಮಾಡಿರಬೇಕು. ನೆಟ್ಟ ಕಾಫಿ ಸಸಿಯನ್ನು ದಿನಾ ಕಿತ್ತು ಬೇರು ಹಿಡಿಯಿತೇ ಎಂದು ನೋಡಿದರೆ ಅದು ಉಳಿದೀತೇ? ಒಳಿತಿನ ಅಳತೆಗೋಲು ಸುಖವೇ ಎಂದು ವಾದಿಸಿದ ಜಾನ್ ಸ್ಟುವರ್ಟ್ ಮಿಲ್ ಕೂಡ ತನ್ನ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ, ಸುಖವಾಗಿದ್ದೇನೆಯೇ ಎಂದು ಕೇಳಿಕೊಂಡ ಕೂಡಲೇ ಸುಖ ಜಾಗ ಖಾಲಿ ಮಾಡುತ್ತದೆ ಎಂದು.

ಒಳ್ಳೆಯದನ್ನು ಮಾಡುವುದರಲ್ಲಿ ಸಂತೋಷ ಕಾಣದವನು ಒಳ್ಳೆಯವನೇ ಅಲ್ಲ ಎಂದು ಅರಿಸ್ಟಾಟಲ್ ಹೇಳಿದ್ದು ನಿಮ್ಮನ್ನು ಹೆದರಿಸದಿರಲಿ. ಅವನು ಇಡೀ ಬಾಳಿನ ಸ್ವಭಾವದ ಮಾತಾಡುತ್ತಿದ್ದಾನೆ, ಸುಸ್ತಾದ ಒಂದು ಸಂಜೆಯದ್ದಲ್ಲ. ನನಗಂತೂ ಈ ವಿಷಯದಲ್ಲಿ ತೈತ್ತಿರೀಯ ಉಪನಿಷತ್ತು ಹೆಚ್ಚು ಹತ್ತಿರ. ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರು ಹೇಳುತ್ತಾರೆ: ಶ್ರದ್ಧೆಯಿಂದ ಕೊಡು, ಇದ್ದದ್ದಕ್ಕೆ ತಕ್ಕಂತೆ ಕೊಡು, ನಾಚಿಕೆಯಿಂದ ಕೊಡು, ಭಯದಿಂದ ಕೊಡು, ಸ್ನೇಹದಿಂದ ಕೊಡು. ನಾಚಿಕೆಯೂ ನಡೆಯುತ್ತದೆ, ಭಯವೂ ನಡೆಯುತ್ತದೆ! ಖುಷಿಯಿಂದ ಕೊಡು ಎಂಬುದು ಆ ಪಟ್ಟಿಯಲ್ಲೇ ಇಲ್ಲ. ಸಂಸಾರಕ್ಕೆ ಇಳಿಯುವ ಹುಡುಗನಿಗೆ ದಿನಾ ಖುಷಿ ಇರುವುದಿಲ್ಲ ಎಂಬುದು ಆ ಗುರುವಿಗೆ ಗೊತ್ತಿತ್ತು ಅನ್ನಿಸುತ್ತದೆ.

ಗೀತೆಯ ಅದೇ ಅಧ್ಯಾಯ ನೊಂದುಕೊಂಡು ಕೊಟ್ಟ ದಾನವನ್ನೂ ರಾಜಸ ಅನ್ನುತ್ತದೆ, ಮುಚ್ಚಿಡುವುದಿಲ್ಲ. ಆದರೆ ಕಡೆಯ ದರ್ಜೆ ಯಾವುದು ಗೊತ್ತೇ? ಪಡೆಯುವವರನ್ನು ಹೀನಾಯ ಮಾಡಿ ಕೊಟ್ಟದ್ದು. ನಿಮ್ಮ ಸುಸ್ತಿಗೆ ನಾನು ಹೆದರುವುದಿಲ್ಲ. ಸುಸ್ತು ದಿನ ಕಳೆದಂತೆ ಅಜ್ಜಿಯ ಮೇಲೆ ತಾತ್ಸಾರಕ್ಕೆ ತಿರುಗಿದರೆ ಕಷ್ಟ, ಅದಕ್ಕೇ ಈಗಲೇ ಏನಾದರೂ ಮಾಡಬೇಕು.

ಬಿಡಬಹುದೇ? ಅಜ್ಜಿಯನ್ನು ನೋಡಿಕೊಳ್ಳಲು ಬೇರೆಯವರು ಸಿಕ್ಕರೆ ಧಾರಾಳವಾಗಿ ಬಿಡಿ, ಅಪರಾಧ ಅಂದುಕೊಳ್ಳಬೇಡಿ. ಖುಷಿ ಬತ್ತಿತು ಎಂಬ ಒಂದೇ ಕಾರಣಕ್ಕೆ ಬಿಡಬೇಡಿ. ಸಂಜೆಯಾದರೆ ಅವರು ನಿಮ್ಮ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟಿರುತ್ತಾರೆ. ಒಂದೂವರೆ ವರ್ಷದಲ್ಲಿ ಆ ನಂಬಿಕೆ ಹುಟ್ಟಿಸಿದವರು ನೀವೇ. ಸದ್ಯಕ್ಕೆ ಭಾರ ಹಂಚಿ. ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ, ಸೊಂಟವನ್ನು ಒಮ್ಮೆ ಡಾಕ್ಟರಿಗೆ ತೋರಿಸುವ ಏರ್ಪಾಟು ಆಗಲಿ. ತೋಟದ ಕೂಲಿಯವರ ಲೈನ್ ಮನೆಯ ಹೆಂಗಸರಲ್ಲಿ ಯಾರಾದರೂ ವಾರಕ್ಕೊಂದು ಸ್ನಾನ ವಹಿಸಿಕೊಂಡರೆ ಅವರಿಗೆ ಕೂಲಿ ಕೊಡಿ. ಕೂಲಿಗೆ ಮಾಡಿದ ಸ್ನಾನದಲ್ಲೂ ಮೈ ಹಗುರಾಗುತ್ತದೆ. ಆ ದುಡ್ಡು ಬೆಂಗಳೂರಿನಿಂದ ಬರಲಿ. ಸಂಜೆಯ ಊಟವನ್ನು ನಾಲ್ಕು ಗಂಟೆಗೇ ಮುಗಿಸಿ, ನಿಮ್ಮ ಕಡೆ ಆನೆ ಕಾಟ, ಕತ್ತಲಲ್ಲಿ ತೋಟದ ದಾರಿ ಬೇಡ.

ಮೈದುನರು ಮುಂದಿನ ಸಲ ಬಂದಾಗ ಈ ಉತ್ತರ ಓದಿಸುವ ಗೋಜಿಗೆ ಹೋಗಬೇಡಿ, ಓದಿದರೆ ಇನ್ನೆರಡು ವಾದ ಹುಟ್ಟುತ್ತವೆ. ಅಜ್ಜಿಯ ಬಚ್ಚಲ ಹಂಡೆಗೆ ನೀರು ಸೇದಿ ಉರಿ ಹಾಕಲು ಕಳಿಸಿ. ಅಜ್ಜಿ ಬೈಯುತ್ತಾರೆ ಎಂದು ಬರೆದಿದ್ದೀರಿ, ಯಾಕೆ ಎಂದು ಬರೆದಿಲ್ಲ. ನೀರು ಸುಡುತ್ತಿತ್ತೋ, ಸೊಂಟ ಬಗ್ಗಿಸುವಾಗ ನೋಯುತ್ತಿತ್ತೋ, ನಾಚಿಕೆಯೋ. ಅದನ್ನು ಒಮ್ಮೆ ಅವರನ್ನೇ ಕೇಳಿ. ಬೈಗುಳದ ನಡುವೆ ಉತ್ತರ ಇರುತ್ತದೆ, ಸ್ವಲ್ಪ ತಾಳಿಕೊಂಡು ಕೇಳಿಸಿಕೊಳ್ಳಿ.